ಬಯಲಿಗಿಳಿದ ಗುಡ್ಡದ ಜೆಟ್ಟು

ಬಯಲು ಮುಗಿದು ಗುಡ್ಡ ಹತ್ತುವ ರಸ್ತೆಯ ಮೊದಲ ತಿರುವಿನಲ್ಲಿ, ಬಸ್ಸುಗಳು ಇಂಜಿನ್ನಿಗೆ ನೀರು ಕುಡಿಸಲು ನಿಲ್ಲುವ ಕಡೆ, ಒಂದು ತಗಡಿನ ಶೆಡ್ಡು. ಪಕ್ಕದಲ್ಲಿ ಟೀ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ಆ ಶೆಡ್ಡಿನೊಳಗೆ ಮೂವತ್ತೊಂದು ವರ್ಷಗಳಿಂದ ಹಳೆಯ ಮೋಟಾರ್‌ಸೈಕಲ್ಲುಗಳ ಉಸಿರು ಸರಿಮಾಡುತ್ತ ಕುಳಿತವರನ್ನು ಸುತ್ತಮುತ್ತಲಿನವರು ಗಾಳಿ ಡಾಕ್ಟರು ಎಂದೇ ಕರೆಯುತ್ತಿದ್ದರು. ಹೊಸಬರು ಯಾರಾದರೂ ದಾರಿ ಕೇಳಿಕೊಂಡು ಬಂದು, "ಗಾಳಿ ಡಾಕ್ಟ್ರು ಅಂದ್ರೆ ದೆವ್ವ ಬಿಡಿಸೋರಾ?" ಎಂದು ವಿಚಾರಿಸಿದರೆ, ಟೀ ಅಂಗಡಿಯವನು ಮುಖ ಗಂಟಿಕ್ಕಿಕೊಂಡೇ, "ಹೌದು, ಆದ್ರೆ ಎರಡು ಚಕ್ರ ಇರೋ ದೆವ್ವ ಮಾತ್ರ" ಎಂದು ಕೈತೋರಿಸುತ್ತಿದ್ದ.

ಹಳೆಯ ಗಾಡಿಗಳಲ್ಲಿ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಇಂಜಿನ್ನಿಗೆ ಉಣಿಸುವುದು ಕಾರ್ಬ್ಯುರೇಟರಿನ ಕೆಲಸ. ಅದರ ಹೊಟ್ಟೆಯಲ್ಲಿ ಜೆಟ್ಟು ಎಂಬ ಹಿತ್ತಾಳೆಯ ಚೂರೊಂದಿರುತ್ತದೆ. ಕಡಲೆಕಾಳಿನಷ್ಟು ಗಾತ್ರ, ನಡುವೆ ಸೂಜಿಮೊನೆಯಂಥ ತೂತು. ಆ ತೂತು ಬಿಟ್ಟುಕೊಟ್ಟಷ್ಟೇ ಪೆಟ್ರೋಲು ಒಳಗೆ ಹೋಗಬೇಕು. ಬಯಲಿನಲ್ಲಿ ಎಲ್ಲವೂ ಸರಿಯಾಗಿರುತ್ತದೆ. ಗುಡ್ಡದ ಮೇಲೆ, ಮರಗಳೇ ಬೆಳೆಯದಷ್ಟು ಎತ್ತರಕ್ಕೆ ಹೋದ ಮೇಲೆ, ಗಾಳಿ ತೆಳುವಾಗುತ್ತದೆ; ಪೆಟ್ರೋಲು ಮಾತ್ರ ಹಿಂದಿನಷ್ಟೇ ಸುರಿಯುತ್ತಿರುತ್ತದೆ. ಗಾಡಿ ಕೆಮ್ಮುತ್ತದೆ, ಕಪ್ಪು ಹೊಗೆ ಉಗುಳುತ್ತದೆ, ಏರಿನಲ್ಲಿ ಮುದುಕನಂತೆ ನಿಂತು ನಿಂತು ಹೋಗುತ್ತದೆ.

"ಪೆಟ್ರೋಲ್ ಸಾಲ್ತಿಲ್ಲ ಅನ್ಸುತ್ತೆ ಡಾಕ್ಟ್ರೇ" ಎಂದು ಸವಾರರು ಹೇಳುವುದು ವಾಡಿಕೆ.

"ಸಾಲ್ತಿಲ್ಲ ಅಲ್ಲಪ್ಪ, ಜಾಸ್ತಿ ಆಗಿದೆ. ನಿನ್ನ ಮೂಗು ಹಿಡ್ಕೊಂಡು ಬಾಯಿ ತುಂಬ ಅನ್ನ ತುರುಕಿದ್ರೆ ನೀನು ಓಡ್ತೀಯಾ? ಗಾಳಿ ಎಷ್ಟಿದೆಯೋ ತುತ್ತೂ ಅಷ್ಟೇ ಇರ್ಬೇಕು" ಎನ್ನುತ್ತ ಅವರು ಆಗಲೇ ಸ್ಪ್ಯಾನರು ಹಿಡಿದಿರುತ್ತಿದ್ದರು. ದೊಡ್ಡ ತೂತಿನ ಬಯಲ ಜೆಟ್ಟನ್ನು ತೆಗೆದು ಸಣ್ಣ ತೂತಿನ ಗುಡ್ಡದ ಜೆಟ್ಟನ್ನು ಹಾಕುವರು. ತೆಗೆದದ್ದನ್ನು ಒಂದು ಕೆಂಪು ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ ಹ್ಯಾಂಡಲ್ಲಿಗೆ ಬಿಗಿಯುವರು. ಇಳಿದು ಬರುವಾಗ ಆ ಗಂಟು ಸವಾರನ ಕಣ್ಣಿಗೆ ಬಿದ್ದು, ಅವನು ಶೆಡ್ಡಿನ ಮುಂದೆ ನಿಲ್ಲಲೇಬೇಕು. ನಿಂತರೆ ಜೆಟ್ಟು ಮತ್ತೆ ಅದಲುಬದಲು. ಗುಡ್ಡದ ಜೆಟ್ಟಿನಲ್ಲೇ ಬಯಲಿಗಿಳಿದರೆ ಇಂಜಿನ್ನಿಗೆ ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾಗುತ್ತದೆ. ಕಾದು ಕಾದು ಕೊನೆಗೆ ಪಿಸ್ಟನ್ನು ಒಳಗೇ ಕಚ್ಚಿಕೊಂಡು ಚಕ್ರ ಗಕ್ಕನೆ ನಿಲ್ಲುತ್ತದೆ. ಇದನ್ನು ಅವರು ಎಲ್ಲ ಸವಾರರಿಗೂ ಪಾಠ ಹೇಳಿದಂತೆ ಹೇಳಿಕೊಟ್ಟಿದ್ದರು. ಇಂಜಿನ್ನಿನೊಳಗೆ ಕಿಡಿ ಹಾರಿಸುವ ಪ್ಲಗ್ಗನ್ನು ಬಿಚ್ಚಿ ಅಂಗೈಯಲ್ಲಿಟ್ಟು ತೋರಿಸುವರು: "ಕಪ್ಪಗಿದ್ರೆ ಉಸಿರುಗಟ್ಟಿದೆ. ಕಾಫಿ ಬಣ್ಣ ಇದ್ರೆ ಆರೋಗ್ಯ. ಸುಣ್ಣದ ಹಾಗೆ ಬೆಳ್ಳಗಿದ್ರೆ ಜ್ವರ, ಗಾಡಿ ಒಂದು ಹೆಜ್ಜೆ ಮುಂದೆ ಹೋಗಬಾರ್ದು."

ಶೆಡ್ಡಿನ ಗೂಡಿನಲ್ಲಿ ಎರಡು ತಗಡಿನ ಡಬ್ಬಿಗಳು. ಅವುಗಳ ಮೇಲೆ ಅವರ ಹೆಂಡತಿ ದುಂಡಗಿನ ಅಕ್ಷರದಲ್ಲಿ ಬರೆದು ಅಂಟಿಸಿದ ಚೀಟಿಗಳು: 'ಗುಡ್ಡ, ತೊಂಬತ್ತು', 'ಬಯಲು, ನೂರೈದು.' ಜೆಟ್ಟಿನ ತಲೆಯ ಮೇಲೂ ತೂತಿನ ಅಳತೆಯ ಅದೇ ಅಂಕೆ ಕೊರೆದಿರುತ್ತದೆ. ಆದರೆ ಆ ಅಂಕೆ ಇರುವೆಯ ಕಾಲಿನಷ್ಟು ಸಣ್ಣದು.

ಐವತ್ತು ದಾಟಿದ ಮೇಲೆ ಆ ಇರುವೆಯ ಕಾಲು ಗಾಳಿ ಡಾಕ್ಟರಿಗೆ ಕಾಣದಾಯಿತು. ಹೆಂಡತಿ ಅವರನ್ನು ಹೊರಡಿಸಿಕೊಂಡು ಹೋಗಿ ಕನ್ನಡಕ ಮಾಡಿಸಿ ತಂದರು. ಅದು ಡ್ರಾಯರಿನಲ್ಲಿ ಉಪ್ಪುಕಾಗದದ ಕೆಳಗೆ ಹೋಗಿ ಮಲಗಿತು. ಕಾರಣ ಬೇರೇನಲ್ಲ. ಪ್ರಾಯದಲ್ಲಿ ಅವರದೇ ಒಂದು ಚಟಾಕಿ ಇತ್ತು: "ಕನ್ನಡಕ ಹಾಕಿದ ಮೆಕ್ಯಾನಿಕ್ ಕೈಗೆ ಗಾಡಿ ಕೊಡಬೇಡಿ, ಬೋಲ್ಟು ಬದಲು ನಿಮ್ಮ ಬೆರಳು ತಿರುಗಿಸ್ತಾನೆ." ಆ ಮಾತು ರಸ್ತೆಯುದ್ದಕ್ಕೂ ಓಡಾಡಿ ಹೆಸರು ಮಾಡಿತ್ತು. ಈಗ ಅದನ್ನು ತಾವೇ ಮೂಗಿನ ಮೇಲೆ ಏರಿಸಿಕೊಳ್ಳುವುದು ಹೇಗೆ?

"ಕೈಗೆ ಗೊತ್ತಾಗುತ್ತೆ ಬಿಡೇ. ಮೂವತ್ತು ವರ್ಷದ ಕೈ ಇದು" ಎಂದು ಹೆಂಡತಿಯ ಬಾಯಿ ಮುಚ್ಚಿಸಿದ್ದರು.

ತಿಂಗಳಿಗೆ ನಾಲ್ಕು ಸಲ ಆ ದಾರಿಯಲ್ಲಿ ತಪ್ಪದೆ ಹತ್ತಿ ಇಳಿಯುತ್ತಿದ್ದವನು ಅಂಚೆಯವನು. ಬಯಲಿನ ಪಟ್ಟಣದ ಅಂಚೆ ಕಚೇರಿಯಿಂದ ಚೀಲ ಹೊತ್ತು ಮೇಲಿನ ಹನ್ನೊಂದು ಹಳ್ಳಿಗಳಿಗೆ ಹೋಗುವನು, ಮರುದಿನ ಮಧ್ಯಾಹ್ನದ ಮೇಲೆ ಇಳಿಯುವನು. ನಲವತ್ತರ ಆಸುಪಾಸಿನವನು, ಮಾತು ಕಡಿಮೆ. ಕಚೇರಿಯ ಹಳೆಯ ಮೋಟಾರ್‌ಸೈಕಲ್ಲನ್ನು ಸ್ವಂತ ಕುದುರೆಯಂತೆ ನೋಡಿಕೊಂಡಿದ್ದ. ಶೆಡ್ಡಿನ ಮುಂದೆ ನಿಲ್ಲಿಸಿ, ಕೆಂಪು ಗಂಟನ್ನು ಬಿಚ್ಚಿ ಕೊಟ್ಟು, ಬೆನ್ನು ತಿರುಗಿಸಿ ಟೀ ಕುಡಿಯಲು ಹೋಗುವನು. ಒಮ್ಮೆಯೂ ಕೆಲಸ ನೋಡುತ್ತ ನಿಂತವನಲ್ಲ. ಟೀ ಅಂಗಡಿಯವನು ಕೆಣಕಿದರೆ, "ಡಾಕ್ಟ್ರು ಚುಚ್ಚುವಾಗ ಯಾರಾದ್ರೂ ಸೂಜಿ ನೋಡ್ತಾರಾ?" ಎನ್ನುವನು.

ಆ ದಿನ ಇಳಿಬಿಸಿಲು ನೇರವಾಗಿ ಶೆಡ್ಡಿನೊಳಕ್ಕೆ ಹೊಡೆಯುತ್ತಿತ್ತು. ಗಾಳಿ ಡಾಕ್ಟರು ಕಾರ್ಬ್ಯುರೇಟರಿನ ಗುಡ್ಡದ ಜೆಟ್ಟನ್ನು ತೆಗೆದು ಪೆಟ್ರೋಲಿನ ಬಟ್ಟಲಿಗೆ ಹಾಕಿದರು. ಗಂಟಿನಲ್ಲಿದ್ದ ಬಯಲ ಜೆಟ್ಟಿಗೆ ಧೂಳು ಹತ್ತಿತ್ತೆಂದು ಅದನ್ನೂ ಅದೇ ಬಟ್ಟಲಿಗೆ ಹಾಕಿದರು. ಅಷ್ಟರಲ್ಲಿ ರಸ್ತೆಯಿಂದ ಒಬ್ಬ ಲಾರಿಯವನು, "ಡಾಕ್ಟ್ರೇ, ಈ ಸಲ ಮೇಲೆ ಹಿಮ ಬೇಗ ಬಿತ್ತು ನೋಡಿ!" ಎಂದು ಕೂಗಿದ, ಅವರು ತಿರುಗಿ ಅವನಿಗೆ ಏನೋ ತಮಾಷೆ ಹೇಳಿದರು. ಮತ್ತೆ ಬಟ್ಟಲಿಗೆ ಕೈಹಾಕಿದಾಗ ಎರಡು ಹಿತ್ತಾಳೆಯ ಚೂರುಗಳು ಅವಳಿ ಮಕ್ಕಳಂತೆ ಹೊಳೆಯುತ್ತಿದ್ದವು. ಒಂದನ್ನೆತ್ತಿ ಬೆಳಕಿಗೆ ಹಿಡಿದರು. ಅಂಕೆ ಮಂಜಾಗಿ ಕಂಡಿತು. ಡ್ರಾಯರು ಅವರ ಮೊಣಕಾಲಿಗೆ ತಾಗುವಷ್ಟು ಹತ್ತಿರವಿತ್ತು. ಟೀ ಅಂಗಡಿಯ ಬೆಂಚಿನ ಮೇಲೆ ನಾಲ್ಕು ಜನ ಕುಳಿತಿದ್ದರು. ಗಾಳಿ ಡಾಕ್ಟರು ಹೆಬ್ಬೆರಳಿನಿಂದ ಜೆಟ್ಟಿನ ತಲೆಯನ್ನು ಒಮ್ಮೆ ಸವರಿ, ಇದೇ ಎಂದುಕೊಂಡು ಹಾಕಿ ಬಿಗಿದರು. ಉಳಿದದ್ದನ್ನು ಗುಡ್ಡದ ಡಬ್ಬಿಗೆ ಎಸೆದರು. ಗಾಡಿ ಒಂದೇ ಒದೆತಕ್ಕೆ ಹೊರಟಿತು.

ಪಟ್ಟಣ ಇನ್ನೂ ನಾಲ್ಕು ಮೈಲಿ ಇರುವಾಗ, ನೇರ ರಸ್ತೆಯಲ್ಲಿ, ಪಿಸ್ಟನ್ನು ಕಚ್ಚಿಕೊಂಡಿತು. ಹಿಂದಿನ ಚಕ್ರ ನಿಂತು ಗಾಡಿ ಜಾರಿತು. ಅಂಚೆಯವನ ಬಲಗೈ ಮಣಿಕಟ್ಟಿನ ಮೇಲೆ ಎರಡು ಕಡೆ ಮುರಿಯಿತು.

ಎರಡು ದಿನ ಕಳೆದು ಒಂದು ಸಾಮಾನು ಗಾಡಿಯಲ್ಲಿ ಮೋಟಾರ್‌ಸೈಕಲ್ಲನ್ನು ಹೇರಿಕೊಂಡು ಪೋಸ್ಟ್‌ಮಾಸ್ತರರು ಶೆಡ್ಡಿಗೆ ಬಂದರು. ಬೇರೆ ಕಡೆ ತೋರಿಸಬೇಡಿ, ಡಾಕ್ಟ್ರೇ ನೋಡಲಿ ಎಂದು ಹಟ ಹಿಡಿದವನು ಅಂಚೆಯವನೇ. ಅವನೂ ಕುತ್ತಿಗೆಗೆ ಕೈ ತೂಗುಹಾಕಿಕೊಂಡು ಜೊತೆಗೆ ಬಂದಿದ್ದ. ಟೀ ಅಂಗಡಿಯ ಬೆಂಚು ಪೂರ್ತಿ ಎದ್ದು ಬಂದು ಸುತ್ತ ನಿಂತಿತು.

ಗಾಳಿ ಡಾಕ್ಟರು ಮೊದಲು ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ನೋಡಿದರು. ತುದಿ ಒಣಗಿತ್ತು. ಬಿದ್ದ ಏಟಿಗೆ ಕೆಳಗಿನ ಮುಚ್ಚಳ ಬಿರುಕು ಬಿಟ್ಟು ಎಣ್ಣೆಯೆಲ್ಲ ಸೋರಿತ್ತು; ಆ ಬಿರುಕು ಅವರಿಗೆ ಆಗ ಕಾಣಲಿಲ್ಲ.

"ಎಣ್ಣೆ ಇಲ್ಲ ಸ್ವಾಮಿ ಇದ್ರಲ್ಲಿ. ಎಣ್ಣೆ ಇಲ್ದೆ ಓಡಿಸಿದ್ರೆ ಕಚ್ಚಿಕೊಳ್ದೆ ಏನು ಮಾಡುತ್ತೆ?"

"ಹೊರಡುವಾಗ ನೋಡಿದ್ದೆ ಡಾಕ್ಟ್ರೇ" ಎಂದ ಅಂಚೆಯವನು, ಮೆಲ್ಲಗೆ.

"ನೋಡಿದ್ದೆ ಅಂದ್ಕೊಂಡಿರ್ತೀಯ. ಕಡ್ಡಿ ಸುಳ್ಳು ಹೇಳುತ್ತಾ?"

ಜನ ನಕ್ಕರು. ಅಂಚೆಯವನು ತಲೆ ತಗ್ಗಿಸಿ, "ಇರಬಹುದು" ಎಂದ.

ಅನಂತರ ಅವರು ಪ್ಲಗ್ಗನ್ನು ಬಿಚ್ಚಿದರು. ಅಂಗೈಗೆ ಬಂದದ್ದು ಸುಣ್ಣದಷ್ಟು ಬೆಳ್ಳಗಿತ್ತು. ಎದೆಯೊಳಗೆ ಏನೋ ಒಂದು ಕ್ಷಣ ಎದ್ದು ನಿಂತಿತು; ಅವರು ಅದನ್ನು ಕೂರಿಸಿಬಿಟ್ಟರು. ಸಾವಿರ ಜನಕ್ಕೆ ತೆರೆದು ತೋರಿಸಿದ್ದ ಅಂಗೈಯನ್ನು ಅಂದು ಮುಷ್ಟಿ ಮಾಡಿ ಪ್ಲಗ್ಗನ್ನು ಜೇಬಿಗೆ ಹಾಕಿಕೊಂಡರು. ಪೋಸ್ಟ್‌ಮಾಸ್ತರರು ಕಾಗದ ಚಾಚಿದಾಗ, 'ಸವಾರನು ಎಣ್ಣೆಯನ್ನು ನೋಡಿಕೊಳ್ಳದ ಕಾರಣ ಇಂಜಿನ್ನು ಕೆಟ್ಟಿದೆ' ಎಂದು ಬರೆದು, ಶೆಡ್ಡಿನ ಮೊಹರನ್ನೂ ಒತ್ತಿ ಕೊಟ್ಟರು.

ಗಾಡಿಯನ್ನು ಅಲ್ಲೇ ಬಿಟ್ಟು ಎಲ್ಲರೂ ಹೋದ ಮೇಲೆ ಕಾರ್ಬ್ಯುರೇಟರನ್ನು ಕಳಚಿದರು. ಆಗ ಕೆಳಗಿನ ಮುಚ್ಚಳದ ಬಿರುಕೂ ಕೈಗೆ ತಾಗಿತು. ಜೆಟ್ಟನ್ನು ಹಿಡಿದು ಹಿತ್ತಿಲ ಬಾಗಿಲಿಗೆ ಹೋದರು. ಹೆಂಡತಿ ಬಟ್ಟೆ ಒಣಹಾಕುತ್ತಿದ್ದರು.

"ಸ್ವಲ್ಪ ನೋಡೇ, ಇದ್ರ ಮೇಲೆ ಎಷ್ಟಿದೆ?"

ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಿಸಿಲಿಗೆ ಹಿಡಿದು ಓದಿದರು. "ತೊಂಬತ್ತು. ಯಾಕೆ?"

"ಏನೂ ಇಲ್ಲ."

"ಯಾವ ಗಾಡೀದು?"

"ಏನೂ ಇಲ್ಲ ಅಂದ್ನಲ್ಲ!"

ಡಬ್ಬಿಯ ಮೇಲಿನ ಚೀಟಿ ಬರೆದದ್ದೇ ಆಕೆ. ಶೆಡ್ಡಿನೊಳಗೆ ನಿಂತಿದ್ದ ಗಾಡಿ ಯಾವುದೆಂದೂ ಆಕೆಗೆ ಕಾಣುತ್ತಿತ್ತು. ಆಕೆ ಬಟ್ಟೆ ಒಣಹಾಕಲು ತಿರುಗಿದರು.

ಗಾಳಿ ಡಾಕ್ಟರು ಶೆಡ್ಡಿಗೆ ಮರಳಿ ಮಾಡಿದ ಕೆಲಸವನ್ನು ಮುಂದೆ ಎಷ್ಟೋ ವರ್ಷ ನೆನೆದು ಒಬ್ಬರೇ ಇರುವಾಗಲೂ ಮುಖ ಮುಚ್ಚಿಕೊಳ್ಳುತ್ತಿದ್ದರು. ಅವರು ನೂರೈದರ ಒಂದು ಜೆಟ್ಟನ್ನು ಹುಡುಕಿ ಆ ಕಾರ್ಬ್ಯುರೇಟರಿಗೆ ಹಾಕಿ ಬಿಗಿದರು. ಈಗ ಯಾರು ಬಿಚ್ಚಿ ನೋಡಿದರೂ ಎಲ್ಲವೂ ಇರಬೇಕಾದ ಹಾಗೆ ಇತ್ತು. ತೊಂಬತ್ತರ ಜೆಟ್ಟು ಒಂದು ಬೆಂಕಿಪೊಟ್ಟಣ ಸೇರಿ, ಪ್ಲಗ್ಗಿನ ಜೊತೆ ಜೇಬಿನಲ್ಲಿ ಉಳಿಯಿತು. ಎಸೆಯಲು ಧೈರ್ಯ ಬರಲಿಲ್ಲ. ಯಾರಿಗೂ ತೋರಿಸುವ ಧೈರ್ಯವಂತೂ ಮೊದಲೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಶೆಡ್ಡು ತೆರೆದಾಗ ಕನ್ನಡಕದ ಪೆಟ್ಟಿಗೆ ಡ್ರಾಯರಿನಿಂದ ಎದ್ದು ಬಂದು ಸ್ಪ್ಯಾನರುಗಳ ಮೇಲೆ ಕುಳಿತಿತ್ತು. ಅವರು ಅದನ್ನು ಒಳಗೆ ತಳ್ಳಿದರು. ಅದರ ಮರುದಿನವೂ ಅಲ್ಲೇ ಇತ್ತು, ಮತ್ತೆ ತಳ್ಳಿದರು. ಗಂಡಹೆಂಡಿರ ನಡುವೆ ಅದರ ವಿಷಯ ಒಂದು ಮಾತೂ ಆಗಲಿಲ್ಲ. ಊಟಕ್ಕೆ ಕರೆಯುವುದು, ನೀರು ಕಾಯಿಸಿಡುವುದು ಎಲ್ಲವೂ ಹಿಂದಿನಂತೆಯೇ ನಡೆದಿತ್ತು. ಆಕೆ ಬೈದಿದ್ದರೆ ಅವರೂ ತಿರುಗಿ ಬೈದು ಹಗುರಾಗುತ್ತಿದ್ದರು. ಒಂಬತ್ತು ದಿನ ಆ ಪೆಟ್ಟಿಗೆ ಹೀಗೆ ಮೇಲಕ್ಕೂ ಕೆಳಕ್ಕೂ ಓಡಾಡಿತು.

ಅಂಚೆಯವನ ಸುದ್ದಿ ಟೀ ಅಂಗಡಿಯಿಂದ ತಾನಾಗಿ ಬಂತು. ಅವನನ್ನು ಗುಡ್ಡದ ಕೆಲಸದಿಂದ ತೆಗೆದು ಕಿಟಕಿಯ ಹಿಂದೆ ಮುದ್ರೆ ಒತ್ತಲು ಕೂರಿಸಿದ್ದಾರಂತೆ. ಕೈ ವಾಸಿಯಾದರೂ ಗಾಡಿ ಕೊಡುವುದಿಲ್ಲವಂತೆ. ಮೇಲಿನ ಹಳ್ಳಿಗಳಿಗೆ ಬೇರೆಯವರು ಸಿಗುವವರೆಗೆ ಅಂಚೆಯೇ ಇಲ್ಲ.

ಹತ್ತನೆಯ ದಿನ ಬೆಳಗಿನ ಬಸ್ಸಿನಿಂದ ಅಂಚೆಯವನೇ ಇಳಿದು ಬಂದ. ಗಾಳಿ ಡಾಕ್ಟರು ಸ್ಪ್ಯಾನರನ್ನು ಕೆಳಗಿಟ್ಟರು. ಗೊತ್ತಾಗಿದೆ, ಜಗಳಕ್ಕೆ ಬಂದಿದ್ದಾನೆ ಎಂದುಕೊಂಡರು. ಹಾಗಾದರೂ ಆಗಲಿ ಎಂದು ಒಂದು ಮನಸ್ಸು ಹಾರೈಸಿತು.

ಅವನು ಬೆಂಚಿನ ಮೇಲೆ ಕೂರಲೂ ಇಲ್ಲ. ಗೋಡೆಗೆ ಒರಗಿದ್ದ ತನ್ನ ಹಳೆಯ ಗಾಡಿಯನ್ನು ನೋಡುತ್ತ, "ನಿಮ್ಮನ್ನ ಒಂದು ಮಾತು ಕೇಳ್ಬೇಕು ಅಂತ ಬಂದೆ ಡಾಕ್ಟ್ರೇ" ಎಂದ. "ಇಷ್ಟು ವರ್ಷ ನೀವು ಕಾಪಾಡಿಕೊಟ್ಟ ಇಂಜಿನ್ನನ್ನ ನಾನು ಹಾಳು ಮಾಡ್ಬಿಟ್ಟೆ. ತಪ್ಪಾಯ್ತು."

"ಅಯ್ಯೋ, ಅದಕ್ಕೇನಪ್ಪ ಈಗ…"

"ಅದಲ್ಲ. ಎಣ್ಣೆ ನೋಡೋದನ್ನ ನಾನು ಎಲ್ಲೋ ತಪ್ಪಾಗಿ ಕಲಿತಿದ್ದೀನಿ. ಅವತ್ತೂ ನೋಡಿದ್ದೆ, ನಿಜವಾಗ್ಲೂ. ಕಡ್ಡಿ ತುಂಬ ಇದೆ ಅನ್ನಿಸ್ತು. ನನ್ನ ಕಣ್ಣೇ ಮೋಸ ಮಾಡಿರ್ಬೇಕು. ನನ್ನ ಜಾಗಕ್ಕೆ ಹೊಸಬ ಬರ್ತಾನೆ, ಅವನಿಗಾದ್ರೂ ಸರಿಯಾಗಿ ಹೇಳ್ಕೊಡ್ಬೇಕಲ್ಲ. ಒಂದು ಸಲ ತೋರಿಸಿಕೊಡ್ತೀರಾ?"

ಹೇಳಬೇಕಾದ ಮಾತು ಗಾಳಿ ಡಾಕ್ಟರ ನಾಲಗೆಯ ಬುಡದವರೆಗೆ ಬಂತು. ಟೀ ಅಂಗಡಿಯಲ್ಲಿ ಯಾರೋ ಲೋಟ ತೊಳೆಯುತ್ತಿದ್ದರು. ಗಾಳಿ ಡಾಕ್ಟರು ಬೇರೊಂದು ಗಾಡಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಎಣ್ಣೆಯ ಕಡ್ಡಿಯನ್ನು ಹೊರಗೆಳೆದರು.

"ಗಾಡಿ ನೆಟ್ಟಗೆ ನಿಲ್ಲಿಸ್ಬೇಕು. ಕಡ್ಡಿ ಒರೆಸ್ಬೇಕು. ಮತ್ತೆ ಅದ್ದಿ ತೆಗೀಬೇಕು" ಎಂದರು. ಆ ಧ್ವನಿ ಅವರದೆಂದು ಅವರಿಗೇ ಅನ್ನಿಸಲಿಲ್ಲ.

"ನಾನೂ ಹಾಗೇ ಮಾಡ್ತಿದ್ದೆನಲ್ಲ" ಎಂದ ಅಂಚೆಯವನು, ಅರ್ಥವಾಗದವನಂತೆ. ಆಮೇಲೆ ಎಡಗೈಯಿಂದ ಕಡ್ಡಿ ತೆಗೆದುಕೊಂಡು, ಬಟ್ಟೆಯನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಒರೆಸಿ, ಅದ್ದಿ, ತೆಗೆದು, ಬೆಳಕಿಗೆ ಹಿಡಿದು ನೋಡಿದ. ಎರಡನೆಯ ಸಲವೂ ಮಾಡಿದ. ಮೂರನೆಯ ಸಲವೂ. ಶಾಲೆಯಲ್ಲಿ ತಪ್ಪು ಬರೆದ ಮಗು ಅದೇ ಸಾಲನ್ನು ಮತ್ತೆ ಮತ್ತೆ ಬರೆಯುವಂತೆ. "ಸರಿ ಇದೆಯಾ?" ಎಂದು ಕೇಳಿದ.

"ಸರಿ ಇದೆ" ಎಂದರು ಗಾಳಿ ಡಾಕ್ಟರು.

ಅವನು ಕೃತಜ್ಞತೆ ಹೇಳಿ, ಇಳಿಯುವ ಬಸ್ಸು ಹತ್ತಿದ.

ಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದರು. ಯಾವಾಗಿನಿಂದ ನಿಂತಿದ್ದರೋ ತಿಳಿಯದು.

"ರೀ, ಅವನು ಆ ಎಡಗೈಲಿ ಕಡ್ಡಿ ಒರೆಸ್ತಿದ್ನಲ್ಲ, ಅದನ್ನ ನೋಡ್ಕೊಂಡು ಹೇಗೆ ನಿಂತಿದ್ರಿ ನೀವು?"

ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ ಪ್ರಶ್ನೆ ಅದು. ಮೂವತ್ತು ವರ್ಷ ಒಟ್ಟಿಗೆ ಬದುಕಿದವಳಿಗೆ ತಾನು ಅಪರಿಚಿತನಂತೆ ಕಾಣುತ್ತಿದ್ದೇನೆ ಎಂಬುದು ಅವರಿಗೆ ಅರ್ಥವಾಯಿತು. ಎಣ್ಣೆಗೈಯನ್ನು ಸರಿಯಾಗಿ ತೊಳೆಯದೆ, ಶೆಡ್ಡಿನ ಬಾಗಿಲನ್ನೂ ಎಳೆಯದೆ, ಅವರು ಮುಂದಿನ ಬಸ್ಸು ಹತ್ತಿದರು. ಹತ್ತುವ ಮೊದಲು ಸ್ಪ್ಯಾನರುಗಳ ಮೇಲೆ ಕುಳಿತಿದ್ದ ಪೆಟ್ಟಿಗೆಯನ್ನು ಎತ್ತಿಕೊಂಡಿದ್ದರು.

ಅಂಚೆ ಕಚೇರಿಯಲ್ಲಿ ಜನ ಸಾಲುಗಟ್ಟಿದ್ದರು. ಕಿಟಕಿಯ ಹಿಂದೆ ಅಂಚೆಯವನು ಆಗಲೇ ತನ್ನ ಜಾಗದಲ್ಲಿದ್ದ. ಎಡಗೈಯಿಂದ ಒತ್ತುವ ಮುದ್ರೆ ಓರೆಯಾಗಿ ಬೀಳುತ್ತಿತ್ತು. ಪೋಸ್ಟ್‌ಮಾಸ್ತರರು, "ಒಳಗೆ ಬನ್ನಿ, ಕೂತು ಮಾತಾಡೋಣ" ಎಂದರು. ಒಳಗೆ ಹೋದರೆ ಬಾಗಿಲು ಮುಚ್ಚುತ್ತಾರೆ, ಮುಚ್ಚಿದರೆ ತನಗೆ ಹಗುರಾಗುತ್ತದೆ ಎಂದು ಗಾಳಿ ಡಾಕ್ಟರಿಗೆ ಗೊತ್ತಿತ್ತು. ಅವರು ಸಾಲಿನ ಪಕ್ಕದಲ್ಲೇ ನಿಂತು ಕನ್ನಡಕವನ್ನು ಮೂಗಿಗೇರಿಸಿದರು. ಬೆಂಕಿಪೊಟ್ಟಣ ತೆರೆದು ಜೆಟ್ಟನ್ನು ಹಿಡಿದರು.

"ತೊಂಬತ್ತು" ಎಂದು ಓದಿದರು. "ಇದು ಗುಡ್ಡದ್ದು. ಅವತ್ತು ಬಯಲಿಗೆ ಇಳಿಯೋ ಗಾಡಿಗೆ ನಾನು ಹಾಕಿದ್ದು ಇದನ್ನೇ. ಗಾಡಿ ಕಚ್ಚಿಕೊಂಡಿದ್ದು ಇದ್ರಿಂದ. ಎಣ್ಣೆ ಸೋರಿದ್ದು ಬಿದ್ದ ಮೇಲೆ. ಇವನ ತಪ್ಪು ಏನೂ ಇಲ್ಲ. ನನಗೆ ಅಂಕೆ ಕಾಣ್ಲಿಲ್ಲ, ಕನ್ನಡಕ ಹಾಕ್ಕೊಳ್ಳೋಕೆ ನಾಚಿಕೆ ಆಯ್ತು."

ಮುದ್ರೆಯ ಸದ್ದು ನಿಂತಿತು.

"ಈ ವಯಸ್ಸಿಗೆ ಕನ್ನಡಕಕ್ಕೆ ನಾಚಿಕೆಯಂತೆ! ಮದುವೆಗೆ ಹೆಣ್ಣು ನೋಡೋಕೆ ಹೊರಟಿದ್ರೇನೋ" ಎಂದಳು ಸಾಲಿನಲ್ಲಿದ್ದ ಒಬ್ಬ ಮುದುಕಿ. ಒಂದಿಬ್ಬರು ನಕ್ಕರು. ಅವರು ನಗಲಿ ಎಂದು ಗಾಳಿ ಡಾಕ್ಟರು ನಿಂತರು.

ಪೋಸ್ಟ್‌ಮಾಸ್ತರರು ಹಳೆಯ ಕಾಗದವನ್ನು ತೆಗೆದು ಮೇಜಿನ ಮೇಲಿಟ್ಟರು. "ಹಾಗಾದ್ರೆ ಇದನ್ನ ಏನಂತ ಕರೀಬೇಕು? ತಪ್ಪು ಅಂತಲೋ, ಸುಳ್ಳು ಅಂತಲೋ? ಹೊಸದಾಗಿ ಬರ್ಕೊಡ್ಬೇಕಾಗುತ್ತೆ."

"ಬರೆದಾಗ ಅರ್ಧ ತಪ್ಪು, ಅರ್ಧ ಸುಳ್ಳು. ಪ್ಲಗ್ಗು ಬೆಳ್ಳಗಿದ್ದಿದ್ದನ್ನ ನೋಡಿ ಜೇಬಿಗೆ ಹಾಕ್ಕೊಂಡಿದ್ದೆ. ಅವತ್ತೇ ಜೆಟ್ಟೂ ಬದಲಾಯಿಸ್ಬಿಟ್ಟೆ. ಆಮೇಲಿಂದ ಪೂರ್ತಿ ಸುಳ್ಳು."

ಅದನ್ನೇ ಬರೆದರು. ಕನ್ನಡಕದಲ್ಲಿ ತಮ್ಮ ಅಕ್ಷರ ಇಷ್ಟು ಸೊಟ್ಟಗಿದೆಯೆಂದು ಅಂದೇ ಅವರಿಗೆ ಗೊತ್ತಾದದ್ದು.

ಅಂಚೆಯವನು ಕಿಟಕಿಯ ಸರಳಿನ ಹತ್ತಿರಕ್ಕೆ ಬಂದಿದ್ದ. ಮುಖದಲ್ಲಿ ಬಿಡುಗಡೆ ಕಾಣುವುದೇನೋ ಎಂದು ಗಾಳಿ ಡಾಕ್ಟರು ನೋಡಿದರು. ಅವನು ಕೇಳಿದ್ದು ಒಂದೇ ಮಾತು.

"ಇವತ್ತು ಬೆಳಿಗ್ಗೆ ನನಗೆ ಕಡ್ಡಿ ನೋಡೋದು ಹೇಳ್ಕೊಟ್ರಲ್ಲ, ಆಗಲೂ ನಿಮಗೆ ಗೊತ್ತಿತ್ತಾ?"

ಕೈ ಮುರಿದದ್ದಕ್ಕೆ ಅವರ ಬಳಿ ಒಂದು ಕಾರಣವಾದರೂ ಇತ್ತು: ಕಣ್ಣು ಮಂಜು, ಬಿಸಿಲು, ಲಾರಿಯವನ ಕೂಗು. ಇದಕ್ಕೆ ಯಾವುದೂ ಇರಲಿಲ್ಲ.

"ಗೊತ್ತಿತ್ತು" ಎಂದರು.

ಅಂಚೆಯವನು ತನ್ನ ಕುರ್ಚಿಗೆ ಮರಳಿ, ಸಾಲಿನಲ್ಲಿ ಮುಂದಿದ್ದವರಿಗೆ, "ಕೊಡಿ" ಎಂದು ಕೈಚಾಚಿದ.

ಗಾಳಿ ಡಾಕ್ಟರು ಆ ಇಂಜಿನ್ನನ್ನು ಬಿಚ್ಚಿ, ಮೊದಲಿನಿಂದ ಕಟ್ಟಿ ನಿಲ್ಲಿಸಿದರು. ಎರಡು ತಿಂಗಳ ಮೇಲೆ ಅಂಚೆಯವನಿಗೆ ಅವನ ಗಾಡಿಯೂ ಗುಡ್ಡದ ದಾರಿಯೂ ಹಿಂತಿರುಗಿ ಬಂದವು. ಶೆಡ್ಡಿನಲ್ಲಿ ಒಂದು ಹೊಸ ಪದ್ಧತಿ ಆಗಲೇ ಶುರುವಾಗಿತ್ತು. ಜೆಟ್ಟನ್ನು ಹಾಕುವ ಮೊದಲು ಅವರು ಕನ್ನಡಕ ಹಾಕಿಕೊಂಡು ಅಂಕೆಯನ್ನು ಗಟ್ಟಿಯಾಗಿ ಓದುವರು. ಬಳಿಕ ಸವಾರನ ಕೈಗೆ ಕೊಟ್ಟು ಅವನಿಂದಲೂ ಓದಿಸುವರು. "ಇದೇನು ಡಾಕ್ಟ್ರೇ, ನಮಗೂ ಪರೀಕ್ಷೆ ಇಟ್ಬಿಟ್ರಿ!" ಎಂದು ಯಾರಾದರೂ ನಕ್ಕರೆ, "ನಾನು ಓದದೆ ಹಾಕಿ ಒಬ್ಬನ ಕೈ ಮುರಿದಿದ್ದೀನಿ. ಓದು" ಎನ್ನುವರು. ಹೊಸಬರು ಅದನ್ನು ತಮಾಷೆ ಎಂದುಕೊಳ್ಳುವರು. ಹಳಬರು ಸುಮ್ಮನೆ ಓದುವರು. ಟೀ ಅಂಗಡಿಯವನು ಮಾತ್ರ ಕನ್ನಡಕದ ಆ ಹಳೆಯ ಚಟಾಕಿಯನ್ನು ಯಾಕೋ ಮತ್ತೆ ಎಂದೂ ಎತ್ತಲಿಲ್ಲ.

ಅಂಚೆಯವನು ಮೊದಲಿನಂತೆ ಗಂಟು ಕೊಟ್ಟು ಬೆನ್ನು ತಿರುಗಿಸಲಿಲ್ಲ. ಡಾಕ್ಟ್ರೇ ಎಂದೂ ಕರೆಯಲಿಲ್ಲ. ಟೀ ಆರುತ್ತಿದ್ದರೂ ಪಕ್ಕದಲ್ಲೇ ನಿಂತು, ವಾಸಿಯಾದರೂ ಪೂರ್ತಿ ಮಡಚದ ಬಲಗೈಯಲ್ಲಿ ಜೆಟ್ಟನ್ನು ಇಸಿದುಕೊಂಡು, ಬೆಳಕಿಗೆ ಹಿಡಿದು ಸಾವಕಾಶವಾಗಿ ನೋಡುವನು.

"ನೂರೈದು. ಹಾಕಿ" ಎನ್ನುವನು.

ಗಾಳಿ ಡಾಕ್ಟರು ತಲೆ ಎತ್ತದೆ, ಸ್ಪ್ಯಾನರಿಗಾಗಿ ತಡಕುವರು.